ಚಪ್ಪಾಳೆಯ ಪಾಠ

ನನ್ನ ಬಲಗೈ ಹೆಬ್ಬೆರಳು ಮಡಚುವುದಿಲ್ಲ. ಪಕ್ಕದ ಎರಡು ಬೆರಳೂ ಮಡಚುವುದಿಲ್ಲ. ಇದನ್ನು ಬರೆಯುತ್ತಿರುವುದು ಎಡಗೈ. ಎಡಗೈಯಲ್ಲಿ ಬರೆದದ್ದು ಮೈಲಿಗೆ ಎನ್ನುವವರು ಇಲ್ಲಿಗೇ ಬಿಟ್ಟು ಏಳಬಹುದು.

ನನಗೆ ಪಾಠ ಹೇಳಲು ಸರ್ಕಾರ ಒಬ್ಬ ಮೇಷ್ಟರನ್ನು ಕೊಟ್ಟಿತ್ತು. ಒಂದು ರೇಡಿಯೋವನ್ನೂ ಕೊಟ್ಟಿತ್ತು. ಮೇಷ್ಟರು ನಮ್ಮ ಹತ್ತಿರ ಬರಲಿಲ್ಲ. ರೇಡಿಯೋ ನನ್ನ ಕೈ ತಿಂದಿತು. ಆಮೇಲೆ ಒಂದು ಆಯೋಗ ಬಂದು ಎರಡನ್ನೂ ನೋಡಿ, ಕಾಫಿ ಕುಡಿದು ಹೋಯಿತು. ನಡೆದದ್ದು ಇಷ್ಟೆ. ಆದರೆ ಇಷ್ಟೆ ಎಂದು ಸುಮ್ಮನಾಗಲು ನನ್ನ ಹೊಟ್ಟೆ ಒಪ್ಪುವುದಿಲ್ಲ.

ನಾವು ಮುಳುಗಡೆಯವರು. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ನಮ್ಮ ಊರು ನೀರಿನ ಅಡಿಗೆ ಹೋಯಿತು. ಲಾರಿ ಬಂತು. ಕೋಳಿ, ಮುದುಕರು, ಒನಕೆ, ಮಕ್ಕಳು ಎಲ್ಲವನ್ನೂ ಒಂದೇ ಲಾರಿಗೆ ತುಂಬಿದರು. ಹೊಸನಗರದ ಆಚೆ ಕಲ್ಲುಕೊಪ್ಪದ ಕಾಡಂಚಿನಲ್ಲಿ ಇಳಿಸಿ, ಇದೇ ನಿಮ್ಮ ಜಾಗ ಎಂದರು. ಕಾಡಿನ ಇಲಾಖೆಯವರು ಬಂದು, ಇದು ನಿಮ್ಮ ಜಾಗವಲ್ಲ ಎಂದರು. ನಾವು ಎರಡೂ ಮಾತು ಕೇಳಿ ಗುಡಿಸಲು ಹಾಕಿಕೊಂಡೆವು. ನಮ್ಮ ಊರಿನ ಮೇಲೆ ನಿಂತ ನೀರಿನಿಂದ ಕರೆಂಟು ಹುಟ್ಟಿತಂತೆ. ಅದು ಎಲ್ಲೆಲ್ಲಿಗೋ ಹೋಯಿತು, ಕಲ್ಲುಕೊಪ್ಪಕ್ಕೆ ಬರಲಿಲ್ಲ.

ಕಲ್ಲುಕೊಪ್ಪದಲ್ಲಿ ಉಳುವ ನೆಲ ಇದ್ದದ್ದು ಸುಬ್ಬಕೃಷ್ಣಯ್ಯನವರಿಗೆ. ನಾವು ಅವರನ್ನು ಒಡೇರು ಎನ್ನುತ್ತಿದ್ದೆವು. ಅಪ್ಪ ಗೋಪಾಲಪ್ಪ ಅವರ ಒಂದು ಗದ್ದೆಯನ್ನು ಗೇಣಿಗೆ ಹಿಡಿದ. ಗೇಣಿ ಎಂದರೆ ಬರೀ ಭತ್ತ ಅಳೆದು ಕೊಡುವುದಲ್ಲ. ಒಡೆಯರ ಬೇಲಿ ಕಟ್ಟಬೇಕು, ಸೊಪ್ಪು ಕಡಿಯಬೇಕು, ಅವರ ಮನೆಯ ಮದುವೆಗೆ ಸೌದೆ ಒಡೆಯಬೇಕು. ಇದಕ್ಕೆಲ್ಲ ಕೂಲಿ ಕೇಳುವಂತಿಲ್ಲ. ಕೇಳಿದರೆ ಗದ್ದೆ ಇಲ್ಲ. ಅವರ ಮನೆಯ ಅಂಗಳದವರೆಗೆ ನಾವು ಬರಬಹುದಿತ್ತು. ಜಗಲಿಯ ಮೆಟ್ಟಿಲು ಹತ್ತುವಂತಿರಲಿಲ್ಲ. ಹತ್ತಬೇಡಿ ಎಂದು ಯಾರೂ ಹೇಳಿದ್ದು ನನಗೆ ನೆನಪಿಲ್ಲ. ಹೇಳುವ ಅಗತ್ಯ ಬೀಳದ ಹಾಗೆ ನಮ್ಮನ್ನು ಬೆಳೆಸಿದ್ದರು.

ಮುಳುಗಿದ ಊರಿನಲ್ಲಿ ನಮಗೆ ಶಾಲೆ ಇತ್ತು. ಸೋರುವ ಶಾಲೆಯೇ, ಆದರೆ ಒಳಗೆ ಮೇಷ್ಟರು ಇದ್ದರು. ನಾನು ಕಾಗುಣಿತದವರೆಗೆ ಬಂದಿದ್ದೆ. ಲಾರಿ ಹತ್ತಿದ ದಿನ ಅದು ನಿಂತಿತು. ಅಮ್ಮನ ಮನಸ್ಸಿಗೆ ಇದೊಂದು ಚುಚ್ಚಿಬಿಟ್ಟಿತು. ಮನೆ ಹೋಯಿತು ಎಂದು ಅವಳು ಅತ್ತದ್ದು ಕಾಣೆ. ಮಗಳ ಓದು ನಿಂತಿತು ಎಂದು ಹೊಸನಗರದ ತಾಲ್ಲೂಕು ಕಛೇರಿಗೆ ನಡೆದು ನಡೆದು ಕಾಲು ಒಡೆದುಕೊಂಡಳು.

"ನಮ್ಮ ಕೇರಿಗೆ ಒಬ್ರು ಮೇಷ್ಟ್ರು ಬೇಕು ಸ್ವಾಮಿ. ಮತ್ತೆಂತದೂ ಬ್ಯಾಡ" ಎನ್ನುತ್ತಿದ್ದಳು.

ಮತ್ತೇನೂ ಬೇಡ ಎಂದವರಿಗೆ ಸರ್ಕಾರ ಬೇಗ ಒಲಿಯುತ್ತದೆ. ನಾರಾಯಣಮೂರ್ತಿ ಎನ್ನುವ ಮೇಷ್ಟರನ್ನು ಕಲ್ಲುಕೊಪ್ಪದ ಮುಳುಗಡೆ ಕೇರಿಗೆ ಹಾಕಿತು. ಅವರು ಕೊಡೆ ಹಿಡಿದು ಕೇರಿಯ ತುದಿಯವರೆಗೆ ಬಂದರು. ಗುಡಿಸಲು ನೋಡಿದರು, ಕೋಳಿ ನೋಡಿದರು, ನಮ್ಮನ್ನೂ ನೋಡಿದರು. ಅಮ್ಮ ಬೆಲ್ಲ ನೀರು ತಂದಳು. ಬಾಯಾರಿಕೆ ಇಲ್ಲ ಎಂದರು. ಅದೇ ಕೊಡೆ ತಿರುಗಿಸಿಕೊಂಡು ಒಡೆಯರ ಮನೆಗೆ ಹೋದರು. ಅಲ್ಲೇ ಊಟ, ಅಲ್ಲೇ ವಾಸ. ಬೆಳಿಗ್ಗೆ ಜಗಲಿಯ ಮೇಲೆ ಒಡೆಯರ ಮಕ್ಕಳಿಗೆ ಪಾಠ, ಮಧ್ಯಾಹ್ನ ಒಡೆಯರ ಲೆಕ್ಕಪತ್ರ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ. ಅಮ್ಮ ಹೋಗಿ ಅಂಗಳದಲ್ಲಿ ನಿಂತು ಕೇಳಿದಾಗ ಒಡೆಯರು ಹೇಳಿದರು:

"ಕೇರೀಲಿ ಕಟ್ಟಡ ಎಲ್ಲಿದೆ? ಮೇಷ್ಟ್ರು ಮರದ ಮೇಲೆ ಕೂತು ಪಾಠ ಹೇಳ್ಬೇಕಾ?"

"ಕಟ್ಕೊಡ್ತೀವಿ ಒಡೇರೆ. ಸೋಗೆ ಹೊದ್ಸಿ ಕೊಡ್ತೀವಿ."

"ಆಯ್ತು, ಕಟ್ಟಿ. ಮೊದಲು ನಮ್ಮ ಬೇಲಿ ಮುಗ್ಸಿ."

ಬೇಲಿ ಮುಗಿಯಲಿಲ್ಲ. ಒಡೆಯರ ಬೇಲಿ ಯಾವತ್ತಾದರೂ ಮುಗಿದದ್ದು ಇದೆಯೇ?

ಆಗ ರೇಡಿಯೋ ಬಂತು. ಮಲೆನಾಡಿನ ಮೂಲೆಮೂಲೆಗೆ ಮೇಷ್ಟರುಗಳನ್ನು ಕಳಿಸುವುದು ಕಷ್ಟ, ಅದಕ್ಕೆ ದೂರದಿಂದಲೇ ಪಾಠ ಕಲಿಸುತ್ತೇವೆ ಎಂದು ಸರ್ಕಾರಕ್ಕೆ ಹೊಳೆದಿತ್ತು. ಬ್ಯಾಟರಿಯಿಂದ ನಡೆಯುವ ದೊಡ್ಡ ಪೆಟ್ಟಿಗೆ. ಮಧ್ಯಾಹ್ನ ಮೂರು ಗಂಟೆಗೆ ಮಕ್ಕಳ ಪಾಠ. ಹೆಂಚಿನ ಮನೆಯಲ್ಲೇ ಇಡಬೇಕು ಎಂದು ನಿಯಮವಂತೆ. ಹೆಂಚಿನ ಮನೆ ಇದ್ದದ್ದು ಒಂದೇ. ರೇಡಿಯೋ ಒಡೆಯರ ಜಗಲಿಯ ಕಿಟಕಿಯಲ್ಲಿ ಕೂತಿತು.

ಅದು ಅಡಿಕೆ ಕೊಯ್ಲಿನ ಕಾಲ. ಒಡೆಯರ ಅಂಗಳದಲ್ಲಿ ಹಸಿ ಅಡಿಕೆಯ ರಾಶಿ ಬೀಳುತ್ತಿತ್ತು. ಕೇರಿಯ ಹೆಂಗಸರು ಸಾಲಾಗಿ ಕೂತು ಸುಲಿಯುತ್ತಿದ್ದರು. ಒಡೆಯರು ಹೇಳಿ ಕಳಿಸಿದರು: ಮಕ್ಕಳೆಲ್ಲ ಪಾಠಕ್ಕೆ ಬನ್ನಿ, ಬರುವಾಗ ಮೆಟ್ಟುಗತ್ತಿ ತನ್ನಿ. ಪಾಠ ಕೇಳುವುದು ಕಿವಿ, ಕೈ ಯಾಕೆ ಸುಮ್ಮನಿರಬೇಕು? ಪಾಠದ ಹೊತ್ತಿನಲ್ಲಿ ಸುಲಿದದ್ದಕ್ಕೆ ಕೂಲಿ ಇಲ್ಲ. ಅದು ಶಾಲೆ, ಶಾಲೆಗೆ ಯಾರಾದರೂ ಕೂಲಿ ಕೊಡುತ್ತಾರೆಯೇ?

ಮೆಟ್ಟುಗತ್ತಿ ನೋಡದವರಿಗೆ ಹೇಳುತ್ತೇನೆ. ಒಂದು ಹಲಗೆ. ಅದರ ತುದಿಗೆ ನೆಟ್ಟಗೆ ನಿಲ್ಲಿಸಿದ ಕತ್ತಿ. ಹಲಗೆಯ ಮೇಲೆ ಕಾಲು ಮಡಚಿ ಕೂತರೆ ಕತ್ತಿ ಎದೆಯ ಮುಂದೆ ನಿಲ್ಲುತ್ತದೆ. ಎರಡು ಕೈಯಲ್ಲಿ ಅಡಿಕೆ ಹಿಡಿದು ಕತ್ತಿಯ ಬಾಯಿಗೆ ಒತ್ತಿ ಸಿಪ್ಪೆ ಬಿಡಿಸಬೇಕು. ಕತ್ತಿ ಯಾವಾಗಲೂ ಎರಡು ಅಂಗೈಗಳ ನಡುವೆ ಇರುತ್ತದೆ. ಅಡಿಕೆಯ ಚೊಗರಿಗೆ ಬೆರಳು ಕಪ್ಪಾಗುತ್ತದೆ, ಉಗುರಿನ ಸಂದು ಉರಿಯುತ್ತದೆ, ಸೊಂಟ ಸೆಟೆದು ಏಳಲು ಬರುವುದಿಲ್ಲ. ಎಂಟು ವರ್ಷದ ಮಗುವಿಗೂ ಅದೇ ಕತ್ತಿ. ಸಣ್ಣ ಕೈಗೆ ಸಣ್ಣ ಕತ್ತಿ ಎಂದು ಯಾರೂ ಮಾಡಿಸಲಿಲ್ಲ.

ನಾನು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ. ಆದರೂ ಒಂದು ಮಾತು ಹೇಳಲೇಬೇಕು. ನನಗೆ ರೇಡಿಯೋ ಎಂದರೆ ಪ್ರಾಣವಾಗಿತ್ತು. ಅದರೊಳಗೊಬ್ಬ ಮೇಷ್ಟರು "ಮಕ್ಕಳೇ, ನಮಸ್ಕಾರ" ಎನ್ನುತ್ತಿದ್ದರು. ನಮಗೆ ನಮಸ್ಕಾರ ಎಂದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವರಿಗೆ ನಮ್ಮ ಅಂಗಳ ಕಾಣುತ್ತದೆ ಎಂದೇ ನಂಬಿದ್ದೆ. ಹಾಗೆ ನಂಬುವಂತೆಯೇ ಅವರು ಮಾತಾಡುತ್ತಿದ್ದರು.

ಆ ದಿನ ಪದ್ಯದ ಪಾಠ.

"ಈಗ ಎಲ್ಲರೂ ನನ್ನ ಜೊತೆ ಚಪ್ಪಾಳೆ ತಟ್ಟಬೇಕು" ಎಂದಿತು ರೇಡಿಯೋ. ಒಳಗೆ ಯಾರೋ ಮಕ್ಕಳು ತಟ್ಟಿದರು. ನಮ್ಮ ಸಾಲಿನಲ್ಲಿ ಕತ್ತಿಗಳ ಕಿರ್ ಕಿರ್ ನಡೆದೇ ಇತ್ತು. ನಾನು ತಲೆ ಎತ್ತಿದೆ.

"ಎಲ್ಲರೂ ತಟ್ಟುತ್ತಿದ್ದೀರಾ? ಹಿಂದೆ ಕೂತಿರುವ ಆ ಹುಡುಗಿ ಯಾಕೆ ತಟ್ಟುತ್ತಿಲ್ಲ? ತಟ್ಟಮ್ಮ, ತಟ್ಟು!"

ಹಿಂದೆ ಕೂತಿದ್ದವಳು ನಾನು. ಮೇಷ್ಟರು ನನ್ನನ್ನು ನೋಡಿದ್ದರು. ಇಷ್ಟು ಜನರಲ್ಲಿ ನನ್ನನ್ನೇ ಕರೆದಿದ್ದರು. ಕೈಯಲ್ಲಿದ್ದ ಅಡಿಕೆ ಬಿಟ್ಟೆ. ಎರಡು ಅಂಗೈಯನ್ನೂ ಅಗಲ ಮಾಡಿ ಜೋರಾಗಿ ಹೊಡೆದೆ.

ನಡುವೆ ಕತ್ತಿ ಇತ್ತು.

ಸದ್ದು ಬರಲಿಲ್ಲ. ನೋವೂ ಮೊದಲು ಬರಲಿಲ್ಲ. ಬಲಗೈ ಹೆಬ್ಬೆರಳ ಬುಡ ಬಾಯಿ ಬಿಟ್ಟುಕೊಂಡಿತು, ಒಳಗೆ ಬಿಳಿ ಕಂಡಿತು. ಆಮೇಲೆ ರಕ್ತ. ಆಮೇಲೆ ನನ್ನ ಕೂಗು. ಕಿಟಕಿಯಿಂದ ರೇಡಿಯೋ ಹೇಳಿತು: "ಶಭಾಷ್! ಈಗ ಚೆನ್ನಾಗಿ ತಟ್ಟಿದಿರಿ!"

ಅಮ್ಮ ನನ್ನ ಕೈಯನ್ನು ಸೆರಗಿನಲ್ಲಿ ಸುತ್ತಿದಳು. ಮಗ್ಗುಲಲ್ಲಿದ್ದ ಶೇಷಮ್ಮಜ್ಜಿ "ಆ ಪೆಟ್ಟಿಗೆ ಬಾಯಿ ಮುಚ್ಸಿ!" ಎಂದು ಕಿರುಚಿದಳು. ಯಾರು ಮುಚ್ಚಿಸಬೇಕು? ಮೆಟ್ಟಿಲು ಹತ್ತುವಂತಿಲ್ಲವಲ್ಲ. ನಾನು ಒದ್ದಾಡುತ್ತಿದ್ದೆ, ರೇಡಿಯೋ ಪದ್ಯ ಹಾಡುತ್ತಿತ್ತು, ಒಳಗಿನ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು.

ಒಡೆಯರ ಹೆಂಡತಿ ಮಂಗಳಗೌರಿಯಮ್ಮ ಬಾಗಿಲಿಗೆ ಬಂದರು. "ಎಂತ ಆತು?"

"ಎಂತದೂ ಇಲ್ಲೆ. ಕೂಸು ಕೈ ಕೊಯ್ಕಂಜು" ಎಂದರು ಒಡೆಯರು, ಹುಡುಗಿ ಕೈ ಕೊಯ್ದುಕೊಂಡಿದೆ ಎಂದು ತಮ್ಮ ಮನೆಮಾತಿನಲ್ಲಿ. ಆಮೇಲೆ ನಮ್ಮ ಕಡೆ ತಿರುಗಿದರು. "ರಕ್ತ ಬಿದ್ದ ಅಡಿಕೆ ಬೇರೆ ತೆಗೀರಿ. ಬೇಯ್ಸೋ ಹಂಡೆಗೆ ಹಾಕ್ಬೇಡಿ."

"ಗಾಡಿ ಕೊಡಿ ಒಡೇರೆ. ಆಸ್ಪತ್ರೆಗೆ ಕರ್ಕಂಡು ಹೋಗ್ತೀನಿ" ಎಂದಳು ಅಮ್ಮ.

"ಗಾಡೀಲಿ ಅಡಿಕೆ ಇದೆ."

ಅಮ್ಮ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಹೊಸನಗರಕ್ಕೆ ನಡೆದಳು. ಡಾಕ್ಟರು ಹೊಲಿಗೆ ಹಾಕಿದರು. ಚರ್ಮ ಕೂಡಿತು, ಒಳಗಿನ ನರ ಕೂಡಲಿಲ್ಲ. ಗಾಯ ಮಾಗಿದ ಮೇಲೆ ಅಮ್ಮ ನನ್ನ ಕೈಗೆ ಬಳಪ ಕೊಟ್ಟು ನೋಡಿದಳು. ಅದು ಕೆಳಗೆ ಬಿತ್ತು. ಮತ್ತೆ ಕೊಟ್ಟಳು. ಮತ್ತೆ ಬಿತ್ತು. ಅವಳು ಬಳಪ ಎತ್ತಿ ನನ್ನ ಎಡಗೈಗೆ ತುರುಕಿದಳು. "ಇದು ಅದೆಯಲ್ಲ. ಬರಿ" ಎಂದಳು. ಗುಡಿಸಲಿನ ಗೋಡೆಗೆ ಇದ್ದಿಲಲ್ಲಿ ಗೀಚಿ ಗೀಚಿ ನಾನು ಮತ್ತೆ ಮೊದಲಿಂದ ಕಲಿಯತೊಡಗಿದೆ. ಹೇಳಿಕೊಡಲು ಯಾರೂ ಇರಲಿಲ್ಲ. ತಪ್ಪೋ ಸರಿಯೋ ಅಮ್ಮನಿಗೂ ತಿಳಿಯದು. ಸಂಬಳ ಪಡೆಯುವ ಮೇಷ್ಟರು ಕೂಗಳತೆಯಲ್ಲಿ ಕೂತು ಒಡೆಯರ ಎಲೆ ಅಡಿಕೆ ಜಗಿಯುತ್ತಿದ್ದರು.

ಮಾರನೆಯ ವರ್ಷದ ಕೊಯ್ಲಿನ ಹೊತ್ತಿಗೆ ಆಯೋಗ ಬರುವ ಸುದ್ದಿ ಬಂತು. ಶಿಕ್ಷಣವನ್ನು ಸುಧಾರಿಸಲು ರಾಜ್ಯ ಸರ್ಕಾರ ಮಾಡಿದ ಆಯೋಗ. ಸಾಗರ, ತೀರ್ಥಹಳ್ಳಿ ಮುಗಿಸಿ ನಮ್ಮಲ್ಲಿಗೆ ಬರುತ್ತಾರೆ. ರೇಡಿಯೋ ಪಾಠ ನಡೆಯುವುದನ್ನು ಕಣ್ಣಾರೆ ನೋಡಿ, ಚೆನ್ನಾಗಿದ್ದರೆ ಹಳ್ಳಿಹಳ್ಳಿಗೂ ಅದನ್ನೇ ಕೊಡಿ ಎಂದು ಸರ್ಕಾರಕ್ಕೆ ಹೇಳುತ್ತಾರೆ. ಚೆನ್ನಾಗಿಲ್ಲದಿದ್ದರೆ ಮೇಷ್ಟರನ್ನು ಕೊಡಿ ಎನ್ನುತ್ತಾರೆ. ಅಮ್ಮನ ಕಿವಿಗೆ ಬಿದ್ದದ್ದು ಈ ಕೊನೆಯ ಮಾತು ಮಾತ್ರ.

ಒಂದು ತೊಡಕಿತ್ತು. ರೇಡಿಯೋ ಸತ್ತು ತಿಂಗಳುಗಳಾಗಿದ್ದವು. ಒಡೆಯರ ಮನೆಯವರು ಬೆಳಿಗ್ಗೆ ವಾರ್ತೆ, ಸಂಜೆ ಹಾಡು, ನಡುವೆ ಅಡಿಕೆ ಧಾರಣೆ ಎಂದು ಕೇಳಿ ಕೇಳಿ ಬ್ಯಾಟರಿ ಮುಗಿಸಿದ್ದರು. ಆದರೂ ಮೂರು ಗಂಟೆಗೆ ನಾವು ಬಂದು ಕೂಲಿಯಿಲ್ಲದೆ ಸುಲಿಯುವುದು ಮಾತ್ರ ನಿಂತಿರಲಿಲ್ಲ. ಪಾಠವಿಲ್ಲದ ಶಾಲೆ ನಡೆದೇ ಇತ್ತು.

ಒಡೆಯರು ಅಪ್ಪನನ್ನು ಕರೆಸಿದರು. "ಗೋಪಾಲ, ನಾಳೆ ಮಕ್ಕಳೆಲ್ಲ ಮಿಂದು ಬರ್ಲಿ. ನಿನ್ನ ಮಗಳು, ಆ ಕೈ ಮುರುಕಿ, ಅದು ಮಾತ್ರ ಬೇಡ. ಗದ್ದೆ ನೆನಪಿರ್ಲಿ."

ಅಪ್ಪ ಬಂದು ಹೇಳಿದ. ಅಮ್ಮ ನನ್ನ ತಲೆ ಬಾಚುತ್ತಿದ್ದಳು. ಬಾಚುತ್ತಲೇ ಇದ್ದಳು.

"ಕೇಳ್ತಾ? ಗದ್ದೆ ಹೋಗ್ತದೆ ಮಾರಾಯ್ತಿ" ಎಂದ ಅಪ್ಪ.

"ಗದ್ದೆ ಒಡೇರ್ದು. ಹೋದ್ರೆ ಅವ್ರ ಹತ್ರಾನೇ ಹೋಗ್ತದೆ. ಕೈ ನಮ್ದು" ಎಂದಳು ಅಮ್ಮ.

ಆಯೋಗ ಎರಡು ಜೀಪಿನಲ್ಲಿ ಬಂತು. ಕೋಟು ಹಾಕಿದ ಅಧ್ಯಕ್ಷರು, ಕನ್ನಡಕದ ಒಬ್ಬ ಅಮ್ಮನವರು, ಬರೆದುಕೊಳ್ಳುವ ಕಾರ್ಯದರ್ಶಿ. ಅಂಗಳ ಸಾರಿಸಿತ್ತು. ಪ್ರತಿ ಮಗುವಿನ ಪಕ್ಕದಲ್ಲೂ ಹೊಸ ಸ್ಲೇಟು ಇಟ್ಟಿತ್ತು. ಅದರ ಮೇಲೆ ಒಂದು ಗೀಟೂ ಇರಲಿಲ್ಲ. ಅಮ್ಮ ನನ್ನನ್ನು ಸೆರಗಿನಲ್ಲಿ ಮುಚ್ಚಿ ಕರೆದುತಂದು ಹಿಂದಿನ ಸಾಲಿನಲ್ಲಿ ಕೂರಿಸಿಕೊಂಡಿದ್ದಳು. ಒಡೆಯರು ಕಂಡು ಹಲ್ಲು ಕಡಿದರು. ಜೀಪಿನವರ ಮುಂದೆ ಬಾಯಿ ಬಿಡಲಾಗಲಿಲ್ಲ.

ಅಧ್ಯಕ್ಷರು ಜಗಲಿಯ ಕುರ್ಚಿಯಲ್ಲಿ ಕೂತು ನಮ್ಮನ್ನು ನೋಡಿದರು. ಅವರ ಮುಖ ಅರಳಿತು. "ಕೈಗೆ ದುಡಿಮೆ, ಕಿವಿಗೆ ಪಾಠ! ದೊಡ್ಡವರು ಇದನ್ನೇ ಅಲ್ಲವೇ ಹೇಳಿದ್ದು? ನಾವು ಪೇಟೆಯಲ್ಲಿ ಭಾಷಣ ಮಾಡುತ್ತೇವೆ, ಇವರು ಮಾಡಿ ತೋರಿಸಿದ್ದಾರೆ."

"ಎಲ್ಲ ತಮ್ಮ ಆಶೀರ್ವಾದ" ಎಂದರು ಒಡೆಯರು.

"ಇಲ್ಲಿಗೆ ಒಬ್ಬರು ಮೇಷ್ಟರೂ ಇರಬೇಕಲ್ಲ?"

"ಅವರು ರಜೆಯ ಮೇಲೆ ಊರಿಗೆ ಹೋಗಿದ್ದಾರೆ ಸಾರ್. ಅವರಿಲ್ಲದಿದ್ದರೂ ಪಾಠ ನಿಲ್ಲುವುದಿಲ್ಲ. ಅದೇ ಈ ವ್ಯವಸ್ಥೆಯ ಹೆಚ್ಚುಗಾರಿಕೆ."

ಮೂರು ಗಂಟೆಗೆ ಒಡೆಯರು ಎದ್ದು ರೇಡಿಯೋದ ಗುಬಟು ತಿರುಗಿಸಿದರು. ಪೆಟ್ಟಿಗೆಯ ದೀಪ ಹತ್ತಲಿಲ್ಲ. ಆದರೆ ಕಿಟಕಿಯಿಂದ ಧ್ವನಿ ಬಂತು.

"ಮಕ್ಕಳೇ, ನಮಸ್ಕಾರ."

ಸಾಲಿನಲ್ಲಿ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದು ನಾರಾಯಣಮೂರ್ತಿ ಮೇಷ್ಟರ ಧ್ವನಿ. ಕಿಟಕಿಯ ಹಿಂದಿನ ಕತ್ತಲೆ ಕೋಣೆಯಲ್ಲಿ, ಅಡಿಕೆ ಮೂಟೆಗಳ ನಡುವೆ ಕುಕ್ಕರಗಾಲಲ್ಲಿ ಕೂತು ಅವರು ರೇಡಿಯೋ ಆಗಿದ್ದರು. ನಮ್ಮ ಕೇರಿಗೆ ಎಂದು ಸರ್ಕಾರ ಕೊಟ್ಟ ಮನುಷ್ಯ ನಮಗೆ ಮೊದಲ ಸಲ ಪಾಠ ಹೇಳುತ್ತಿದ್ದ. ಅದೂ ತಾನು ಅಲ್ಲಿಲ್ಲ ಎಂದು ತೋರಿಸಲಿಕ್ಕೆ. ನನಗೆ ಆಗ ನಗು ಬಂದಿತ್ತು. ಈಗ ನೆನೆದರೆ ಉಗಿಯಬೇಕು ಎನ್ನಿಸುತ್ತದೆ.

"ಎಷ್ಟು ಸ್ಪಷ್ಟವಾಗಿದೆ ಧ್ವನಿ!" ಎಂದರು ಕನ್ನಡಕದ ಅಮ್ಮನವರು.

ಮೇಷ್ಟರು ರೇಡಿಯೋ ಪಾಠವನ್ನು ದಿನಾ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು. ರಾಗವೂ ಅದೇ, ಮಾತೂ ಅದೇ. ಪದ್ಯ ಹೇಳಿದರು. ಆಮೇಲೆ, "ಈಗ ಎಲ್ಲರೂ ನನ್ನ ಜೊತೆ ಚಪ್ಪಾಳೆ ತಟ್ಟಬೇಕು" ಎಂದರು.

ಕತ್ತಿಗಳ ಸದ್ದು ನಿಂತಿತು. ಮಕ್ಕಳೆಲ್ಲ ಒಂದೇ ಸಲಕ್ಕೆ ಕೈಗಳನ್ನು ಹಿಂದಕ್ಕೆ ಎಳೆದುಕೊಂಡರು. ಕೆಲವರು ತೊಡೆಯ ಕೆಳಗೆ ತುರುಕಿಕೊಂಡರು, ಕೆಲವರು ಬೆನ್ನ ಹಿಂದೆ ಅಡಗಿಸಿದರು. ಒಬ್ಬಳು ಸಣ್ಣವಳು ಅಳತೊಡಗಿದಳು. ಯಾರೂ ಹೇಳಿಕೊಟ್ಟದ್ದಲ್ಲ. ನನ್ನ ಕೈಯನ್ನು ಅವರು ನೋಡಿದ್ದರು.

"ಎಲ್ಲರೂ ತಟ್ಟುತ್ತಿದ್ದೀರಾ?" ಎಂದರು ಒಳಗಿದ್ದ ಮೇಷ್ಟರು. ಅವರಿಗೆ ಅಂಗಳ ಕಾಣುತ್ತಿರಲಿಲ್ಲ. "ಹಿಂದೆ ಕೂತಿರುವ ಆ ಹುಡುಗಿ ಯಾಕೆ ತಟ್ಟುತ್ತಿಲ್ಲ? ತಟ್ಟಮ್ಮ, ತಟ್ಟು!"

ಅಮ್ಮ ಎದ್ದಳು. ಅವಳ ಮೆಟ್ಟುಗತ್ತಿ ಮಗುಚಿಬಿತ್ತು.

"ಯಾಕೆ ಮಕ್ಕಳು ತಟ್ಟುತ್ತಿಲ್ಲ?" ಎಂದು ಅಧ್ಯಕ್ಷರು ಕೇಳಿದರು.

"ನಾನು ಹೇಳ್ತೀನಿ ಸ್ವಾಮಿ." ಅಮ್ಮ ನನ್ನ ರಟ್ಟೆ ಹಿಡಿದು ಸಾಲುಗಳ ನಡುವಿಂದ ನಡೆಸಿಕೊಂಡು ಬಂದಳು. ಜಗಲಿಯ ಬುಡಕ್ಕೆ ಬಂದಳು. ನಿಲ್ಲಲಿಲ್ಲ. ಮೆಟ್ಟಿಲು ಹತ್ತಿದಳು.

"ಏ ಕೆರೀ! ಇಳಿಯೇ ಕೆಳಗೆ!" ಒಡೆಯರು ಅಮ್ಮನ ಹೆಸರು ಹಿಡಿದು ಕೂಗಿದರು.

ಅಮ್ಮನ ಕಾಲಿನ ತುಂಬ ಚೊಗರು, ಸಿಪ್ಪೆ. ಸಾರಿಸಿದ ಜಗಲಿಯ ಮೇಲೆ ಅವಳ ಹೆಜ್ಜೆ ಕಪ್ಪಗೆ ಮೂಡಿತು. ಅವಳು ಅಧ್ಯಕ್ಷರ ಮುಂದೆ ನನ್ನ ಕೈಯನ್ನು ಬಿಡಿಸಿ ಹಿಡಿದಳು.

"ಇವ್ಳು ತಟ್ಟಿದ್ಳು ಸ್ವಾಮಿ. ಕತ್ತಿ ಮುಂದೆ ಕೂರ್ಸಿ ಚಪ್ಪಾಳೆ ತಟ್ಟು ಅಂತು ನಿಮ್ಮ ಪೆಟ್ಟಿಗೆ. ತಟ್ಟಿದ್ಳು. ನೋಡಿ. ಪಾಠ ಕಲ್ತಿದ್ದು ಇಷ್ಟು."

ಕನ್ನಡಕದ ಅಮ್ಮನವರು ಮುಖ ತಿರುಗಿಸಿದರು. ಅಮ್ಮ ನನ್ನ ಕೈ ಬಿಟ್ಟು ಕೋಣೆಯ ಬಾಗಿಲು ದೂಡಿದಳು. ಮೇಷ್ಟರು ಮೂಟೆಗಳ ನಡುವೆ ಪಂಚೆ ಎತ್ತಿ ಕೂತಿದ್ದವರು ಹಾಗೇ ಕಂಡರು. ತಲೆಯ ಮೇಲೆ ಜೇಡರ ಬಲೆ.

"ಇವ್ರೇ ನೋಡಿ ನಿಮ್ಮ ರೇಡಿಯೋ. ನಮ್ಮ ಕೇರಿಗೆ ಅಂತ ಸರ್ಕಾರ ಕೊಟ್ಟ ಮೇಷ್ಟ್ರು. ಕೇರಿಯೊಳಗೆ ಒಂದಿನ ಕಾಲಿಟ್ಟಿಲ್ಲ. ಪೆಟ್ಟಿಗೆ ಸತ್ತು ಯಾವ ಕಾಲ ಆಯ್ತೋ. ನಮಗೆ ದೂರದ ಪಾಠ ಬ್ಯಾಡ ಸ್ವಾಮಿ. ಇವ್ರನ್ನ ಎಬ್ಬಿಸಿ ನಮ್ಮ ಕೇರಿಗೆ ಕಳ್ಸಿ. ಇಲ್ಲಿಂದ ಕಾಣ್ತದೆ ನಮ್ಮ ಕೇರಿ. ಅಷ್ಟು ನಡೆದ್ರೆ ಸಾಕು."

ಈಗ ಅಧ್ಯಕ್ಷರು ಎದ್ದು ಒಡೆಯರಿಗೆ ಬೈಯುತ್ತಾರೆ, ಮೇಷ್ಟರ ಕಿವಿ ಹಿಂಡುತ್ತಾರೆ, ನಾಳೆಯಿಂದ ಕೇರಿಯಲ್ಲಿ ಶಾಲೆ ಎಂದುಕೊಂಡೆ. ನಾನಿನ್ನೂ ಚಿಕ್ಕವಳು.

ಅಧ್ಯಕ್ಷರು ನನ್ನ ಬೆರಳನ್ನು ಮುಟ್ಟದೆ ಬಗ್ಗಿ ನೋಡಿದರು. "ಪಾಪ" ಎಂದರು. ಬಹಳ ಹೊತ್ತು ಯೋಚಿಸಿ ಕಾರ್ಯದರ್ಶಿಯ ಕಡೆ ತಿರುಗಿದರು.

"ಬರೆದುಕೊಳ್ಳಿ. ದುಡಿಮೆಯೊಂದಿಗೆ ಪಾಠ ನಡೆಯುವ ಕಡೆಗಳಲ್ಲಿ ಚಪ್ಪಾಳೆ ತಟ್ಟಿಸುವುದನ್ನು ಕೈಬಿಡತಕ್ಕದ್ದು. ಮಕ್ಕಳು ಕೈ ಕಟ್ಟಿ ಕುಳಿತು ಕೇಳುವಂತೆ ಪಾಠವನ್ನು ತಿದ್ದತಕ್ಕದ್ದು."

ಕಾರ್ಯದರ್ಶಿ ಬರೆದುಕೊಂಡ.

"ಬ್ಯಾಟರಿ ಕಾಲಕಾಲಕ್ಕೆ ಒದಗಿಸತಕ್ಕದ್ದು."

ಅದನ್ನೂ ಬರೆದುಕೊಂಡ.

ಆಮೇಲೆ ಅಧ್ಯಕ್ಷರು ಮೇಷ್ಟರನ್ನು ಮೇಲಿಂದ ಕೆಳಗೆ ನೋಡಿದರು. ಮೇಷ್ಟರು ಪಂಚೆ ಇಳಿಸಿಕೊಂಡು ಎದ್ದು ನಿಂತರು. ಅಧ್ಯಕ್ಷರಿಗೆ ನಗು ತಡೆಯಲಾಗಲಿಲ್ಲ. "ಏನ್ರೀ, ನಾವೆಲ್ಲ ನಂಬಿಬಿಟ್ಟಿದ್ದೆವಲ್ಲ! ಒಳ್ಳೆಯ ಕಂಠ ನಿಮ್ಮದು. ಈ ಕಾಡಿನಲ್ಲಿ ಯಾಕೆ ಕೊಳೆಯುತ್ತೀರಿ?" ಒಡೆಯರೂ ನಕ್ಕರು. ಮೇಷ್ಟರೂ ನಕ್ಕರು. ಮಂಗಳಗೌರಿಯಮ್ಮ ಕಾಫಿ ತಂದರು. ಅಮ್ಮ ಇನ್ನೂ ಅಲ್ಲೇ ನಿಂತಿದ್ದಳು. ಅವಳನ್ನು ಸುತ್ತಿಕೊಂಡು ಲೋಟಗಳು ಹೋದವು.

"ನಿನ್ನ ದೂರು ದಾಖಲಾಗಿದೆಯಮ್ಮ. ಹೋಗು" ಎಂದ ಕಾರ್ಯದರ್ಶಿ.

ಜೀಪು ಹೋದ ಮೇಲೆ ಜಗಲಿಯನ್ನು ಸಗಣಿ ಹಾಕಿ ತೊಳೆಸಿದರು. ತೊಳೆದವಳೂ ಅಮ್ಮನೇ. ತೊಳೆಯುವಷ್ಟು ಹೊತ್ತು ಮಾತ್ರ ಅವಳು ಜಗಲಿಯ ಮೇಲೆ ಇರಬಹುದಿತ್ತು. ಯುಗಾದಿಗೆ ಗದ್ದೆ ಹೋಯಿತು. ಅಪ್ಪ ಆ ದಿನ ಕುಡಿದು ಬಂದು ಅಮ್ಮನಿಗೆ ಹೊಡೆದ. ಒಡೆಯರಿಗೆ ಹೊಡೆಯಲಾಗದ್ದನ್ನೆಲ್ಲ ಅವಳಿಗೆ ಹೊಡೆದ. ಅಮ್ಮನ ತುಟಿ ಒಡೆಯಿತು. ನನ್ನ ಅಪ್ಪ ಕೆಟ್ಟವನಲ್ಲ ಎಂದು ಬರೆಯಲು ಕೈ ಬರುತ್ತಿಲ್ಲ, ಹಾಗೆಯೇ ಬಿಡುತ್ತೇನೆ.

ಆಯೋಗದ ವರದಿ ಬಂತಂತೆ. ಕಲ್ಲುಕೊಪ್ಪದಲ್ಲಿ ರೇಡಿಯೋ ಪಾಠ ಚೆನ್ನಾಗಿ ನಡೆಯುತ್ತಿದೆ, ಆದುದರಿಂದ ಅಲ್ಲಿ ಮೇಷ್ಟರ ಅಗತ್ಯವಿಲ್ಲ ಎಂದಿತ್ತಂತೆ. ನಮ್ಮ ಕೇರಿಯ ಮೇಷ್ಟರ ಹುದ್ದೆಯನ್ನೇ ತೆಗೆದುಹಾಕಿದರು. ನಾರಾಯಣಮೂರ್ತಿ ಮೇಷ್ಟರಿಗೆ ಪಟ್ಟಣಕ್ಕೆ ವರ್ಗವಾಯಿತು. ಅದೇ ಕೊಡೆ ಹಿಡಿದು ಹೋದರು. ಹೋಗುವಾಗಲೂ ಕೇರಿಯ ದಾರಿ ಹಿಡಿಯಲಿಲ್ಲ.

ಗದ್ದೆ ಇಲ್ಲದ ಮೇಲೆ ಸುಲಿಯುವ ಕೂಲಿಯೇ ಗತಿ. ಮತ್ತೆ ಕೊಯ್ಲು ಬಂದಾಗ ಅದೇ ಅಂಗಳಕ್ಕೆ ಹೋದೆವು. ಬೇರೆ ಎಲ್ಲಿಗೆ ಹೋಗುವುದು? ಆ ವರ್ಷ ಫಸಲು ಜೋರು. ಅಡಿಕೆ ರಾಶಿ ಅಂಗಳ ತುಂಬಿತ್ತು. ಹಸಿ ಅಡಿಕೆ ಕಾಯುವುದಿಲ್ಲ. ಕೊಯ್ದದ್ದನ್ನು ಬೇಗ ಸುಲಿದು ಬೇಯಿಸದಿದ್ದರೆ ಬಣ್ಣ ಕೆಡುತ್ತದೆ, ಕೊಳ್ಳುವವರಿಲ್ಲ. ನಾನೂ ಒಂದು ಹಲಗೆಯ ಮೇಲೆ ಕೂತಿದ್ದೆ. ಬಲ ಅಂಗೈಯಿಂದ ಅಡಿಕೆಯನ್ನು ಕತ್ತಿಗೆ ಒತ್ತಿ ಎಡಗೈಯಲ್ಲಿ ಸುಲಿಯುವುದನ್ನು ಕಲಿತಿದ್ದೆ.

ಹೊಸ ಬ್ಯಾಟರಿ ಬಂದಿತ್ತು. ಮೂರು ಗಂಟೆಗೆ ಒಡೆಯರು ಗುಬಟು ತಿರುಗಿಸಿದರು. ದೀಪ ಹತ್ತಿತು.

"ಮಕ್ಕಳೇ, ನಮಸ್ಕಾರ. ನಾನು ನಿಮ್ಮ ನಾರಾಯಣಮೂರ್ತಿ ಮೇಷ್ಟ್ರು."

ಶೇಷಮ್ಮಜ್ಜಿ ಪಕ್ಕಕ್ಕೆ ಉಗಿದಳು. ಅದೇ ಧ್ವನಿ. ನಮಗೆ ಒಂದು ಅಕ್ಷರ ಕಲಿಸದ ಮನುಷ್ಯ ಈಗ ಇಡೀ ರಾಜ್ಯದ ಮಕ್ಕಳಿಗೆ ಮೇಷ್ಟರಾಗಿದ್ದ.

"ಈ ವರ್ಷದಿಂದ ನಮ್ಮ ಪಾಠದಲ್ಲಿ ಚಪ್ಪಾಳೆ ಇಲ್ಲ" ಎಂದಿತು ಧ್ವನಿ. "ಕೈಯಲ್ಲಿ ಏನಿದ್ದರೂ ಕೆಳಗಿಡಿ. ಎಲ್ಲರೂ ಕೈ ಕಟ್ಟಿ ಕುಳಿತುಕೊಳ್ಳಿ. ನಾನು ಬಿಡಿ ಎನ್ನುವವರೆಗೆ ಯಾರೂ ಕೈ ಬಿಡಬಾರದು. ಹಿಂದೆ ಕೂತಿರುವ ಅಮ್ಮಂದಿರೂ ಅಷ್ಟೆ!"

ಅಮ್ಮ ಹಿಂದೆ ಕೂತಿದ್ದಳು. ಅವಳು ಕೈಯಲ್ಲಿದ್ದ ಅಡಿಕೆಯನ್ನು ನೋಡಿದಳು. ಕೆಳಗಿಟ್ಟಳು. ಚೊಗರು ಮೆತ್ತಿದ ಕೈಗಳನ್ನು ಎದೆಯ ಮೇಲೆ ಕಟ್ಟಿದಳು. ಶೇಷಮ್ಮಜ್ಜಿ ಅವಳನ್ನು ನೋಡಿ ತಾನೂ ಕಟ್ಟಿದಳು. ಅವಳ ಪಕ್ಕದವಳು ಕಟ್ಟಿದಳು. ಸಾಲಿನ ತುದಿಯವರೆಗೆ ಕಿರ್ ಕಿರ್ ಸದ್ದು ಒಂದೊಂದೇ ನಿಂತಿತು. ನನ್ನ ಬಲಗೈ ಬೆರಳು ಏನನ್ನೂ ಹಿಡಿಯುವುದಿಲ್ಲ. ಎಡಗೈಯಿಂದ ಅದನ್ನು ಎತ್ತಿ ಕಂಕುಳಿಗೆ ತುರುಕಿಕೊಂಡೆ.

ಪಾಠ ಮುಗಿಯಿತು. ನಾಳೆ ಸಿಗೋಣ ಎಂದರು ಮೇಷ್ಟರು. ಕೈ ಬಿಡಿ ಎನ್ನುವುದನ್ನು ಮರೆತರು.

"ಪಾಠ ಮುಗೀತಲ್ಲ, ಸುಲೀರಿ" ಎಂದರು ಒಡೆಯರು.

ಯಾರೂ ಅಲುಗಲಿಲ್ಲ.

"ಕಿವಿ ಕೇಳ್ಸಲ್ವಾ? ಸುಲೀರೇ!"

"ಬಿಡಿ ಅಂತ ಹೇಳ್ಲಿಲ್ಲ ಒಡೇರೆ ಮೇಷ್ಟ್ರು" ಎಂದಳು ಅಮ್ಮ.

ಒಡೆಯರು ರೇಡಿಯೋದ ಹತ್ತಿರ ಓಡಿದರು. ಗುಬಟನ್ನು ಆ ಕಡೆ ಈ ಕಡೆ ತಿರುಗಿಸಿದರು. ಹಾಡು ಬಂತು. ಧಾರಣೆ ಬಂತು. ಮೇಷ್ಟರು ಬರಲಿಲ್ಲ. ಪೆಟ್ಟಿಗೆಯ ನೆತ್ತಿಗೆ ಗುದ್ದಿದರು.

"ನಾನು ಹೇಳ್ತಿದೀನಿ! ಬಿಡ್ರೇ ಕೈ!"

"ನೀವು ಹೇಳಿದ್ರೆ ಹೆಂಗಾಗ್ತದೆ? ಸರ್ಕಾರದ ಪಾಠ. ಒಂದ್ಸಲ ಪಾಠ ಕೇಳಿ ನನ್ನ ಮಗ್ಳು ಕೈ ಕಳ್ಕಂಡ್ಳು. ಈಗ ನಾವೂ ಕೇಳ್ತಿದೀವಿ. ಬಿಡಿ ಅಂತ ಹೇಳೋರು ಬಂದು ಹೇಳ್ಲಿ. ಪೆಟ್ಟಿಗೇಲಿ ಅಲ್ಲ. ನಮ್ಮ ಕೇರಿಗೆ ಬಂದು, ನಮ್ಮ ಎದುರು ನಿಂತು ಹೇಳ್ಲಿ. ಅಲ್ಲೀವರೆಗೆ ಬಿಡಾದಿಲ್ಲ."

ಒಡೆಯರು ಜಗಲಿಯಿಂದ ಇಳಿದು ಅಮ್ಮನ ಜುಟ್ಟು ಹಿಡಿದರು. ತಲೆ ಹಿಂದಕ್ಕೆ ಬಾಗಿತು. ಕೈ ಬಿಚ್ಚಲಿಲ್ಲ. ಶೇಷಮ್ಮಜ್ಜಿಯ ಬೆನ್ನಿಗೆ ಒದ್ದರು. ಮುದುಕಿ ಮಗುಚಿ ಬಿದ್ದಳು, ಬಿದ್ದಲ್ಲೂ ಕೈ ಕಟ್ಟಿಕೊಂಡೇ ಮಲಗಿದಳು. ತೋಟದಿಂದ ಗೊನೆ ಹೊತ್ತು ಬಂದ ಗಂಡಸರು ಬೇಲಿಯ ಹತ್ತಿರ ನಿಂತರು. ಅಪ್ಪನೂ ಅವರಲ್ಲಿ ಇದ್ದ. ಹೆಗಲ ಹೊರೆಯನ್ನು ಒಳಗೆ ತರಲೋ ಬೇಡವೋ ಎಂದು ತೋಚದೆ ನಿಂತ. ಆಮೇಲೆ ಅಲ್ಲೇ ಇಳಿಸಿದ.

ಮರುದಿನವೂ ಬಂದು ಹಾಗೇ ಕೂತೆವು. ಅದರ ಮರುದಿನವೂ ಕೂತೆವು. ರಾಶಿಯ ಅಡಿಯಲ್ಲಿ ಅಡಿಕೆ ಬೆವರಿ ನಾತ ಹೊಡೆಯತೊಡಗಿತು. ಅಂಗಳದ ತುಂಬ ಕತ್ತಿಗಳು ನೆಟ್ಟಗೆ ನಿಂತಿದ್ದವು. ಯಾವ ಕತ್ತಿಯ ಪಕ್ಕದಲ್ಲೂ ಕೈ ಇರಲಿಲ್ಲ.